ಭಾವನ ಕೋಟು ಮತ್ತು ಇಲ್ಲದ ಕ್ಯಾಸಿನೋ

ಸುಳ್ಳು ಹೇಳುವುದರಲ್ಲಿ ನಾನು ಬಹಳ ಮಿತವ್ಯಯಿ. ವರ್ಷಕ್ಕೆ ಒಂದೋ ಎರಡೋ, ಅದೂ ರಜೆಯಲ್ಲಿ ಊರಿಗೆ ಹೋದಾಗ ಮಾತ್ರ. ಹತ್ತೊಂಬತ್ತು ವರ್ಷದಿಂದ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವವನು ಊರಲ್ಲಿ 'ದುಬೈಯವರು' ಎನಿಸಿಕೊಳ್ಳಬೇಕಾದರೆ ಅಷ್ಟಾದರೂ ಬೇಡವೇ?

ಕಳೆದ ರಜೆಯಲ್ಲಿ ಹೇಳಿದ್ದೂ ಅಂಥದ್ದೇ ಒಂದು. ಕಾರ್ಕಳದ ಹತ್ತಿರ ಹೆಂಡತಿಯ ತವರಿನಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕುಳಿತಾಗ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಗೋವಾದ ಕ್ಯಾಸಿನೋ ಹಡಗಿಗೆ ಹೋಗಿ ಬಂದ ಕಥೆ ಶುರು ಮಾಡಿದ. ಸಾರು ಬಂತು, ಹೋಯಿತು. ಪಾಯಸ ಬಂತು. ಕಥೆ ಮುಗಿಯಲಿಲ್ಲ. ಪಂಕ್ತಿಯಲ್ಲಿದ್ದವರೆಲ್ಲ ಊಟ ಬಿಟ್ಟು ಅವನ ಬಾಯಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹಡಗು ಎಂತದು ಮಾರಾಯ! ನಮ್ಮಲ್ಲಿ ರಾಸ್ ಅಲ್ ಖೈಮಾದಲ್ಲಿ ಕ್ಯಾಸಿನೋದ್ದೇ ಒಂದು ಪಟ್ಟಣ ಉಂಟು. ನಾನು ತಿಂಗಳಿಗೊಮ್ಮೆ ಹೋಗ್ತೇನೆ. ಕೋಟು ಹಾಕದವರನ್ನು ಬಾಗಿಲಿನ ಒಳಗೇ ಬಿಡುದಿಲ್ಲ!"

ಅಲ್ಲಿ ಸಮುದ್ರದ ಬದಿಯಲ್ಲಿ ಅಂಥದ್ದೊಂದನ್ನು ಕಟ್ಟುತ್ತಿರುವುದು ನಿಜ. ಇನ್ನೂ ಕಟ್ಟಿ ಮುಗಿದಿಲ್ಲ ಎಂಬ ಸಣ್ಣ ವಿವರವನ್ನು ನಾನು ಬಿಟ್ಟೆ, ಅಷ್ಟೇ. ಪಾಯಸ ಬಡಿಸುತ್ತಿದ್ದ ನನ್ನ ಹೆಂಡತಿ ಶಶಿಕಲಾ ಒಮ್ಮೆ ಕೆಮ್ಮಿದಳು.

ಷಡ್ಡಕ ಕಥೆ ಬಿಟ್ಟು ಪಾಯಸಕ್ಕೆ ಕೈ ಹಾಕಿದ. ಆದರೆ ನನ್ನ ಮಾತನ್ನು ಎದೆಗೆ ಹಚ್ಚಿಕೊಂಡವರು ಬೇರೆಯೇ ಇದ್ದರು. ಶಶಿಕಲಾಳ ಅಣ್ಣ, ಜಯರಾಮ ಭಾವ. ಹಿಟ್ಟಿನ ಮಿಲ್ಲು ಇಟ್ಟುಕೊಂಡಿರುವ ಸಾಧು ಮನುಷ್ಯ. ನಾನು ಏನು ಹೇಳಿದರೂ ನಂಬುತ್ತಾರೆ.

ನಾಲ್ಕು ತಿಂಗಳ ನಂತರ ಭಾವ ವಿಸಿಟ್ ವೀಸಾದಲ್ಲಿ ದುಬೈಗೆ ಬಂದರು. ಬಂದ ಸಂಜೆಯೇ ಸೂಟ್‌ಕೇಸ್ ತೆರೆದು, ಹಪ್ಪಳದ ಕಟ್ಟುಗಳ ಅಡಿಯಿಂದ ಒಂದು ಹೊಚ್ಚ ಹೊಸ ಕಪ್ಪು ಕೋಟು ತೆಗೆದರು.

"ನೀವು ಹೇಳಿದ್ರಲ್ಲ ಭಾವ, ಕೋಟು ಇಲ್ಲದೆ ಬಿಡುದಿಲ್ಲ ಅಂತ. ಹೇಗೂ ಮಗಳ ಮದುವೆಗೆ ಹೊಲಿಸ್ಲಿಕ್ಕಿತ್ತು. ಅದನ್ನೇ ಬೇಗ ಹೊಲಿಸಿದೆ. ಯಾವಾಗ ಹೋಗುವ?"

ಅಡುಗೆಮನೆಯಲ್ಲಿ ಶಶಿಕಲಾ ನನ್ನನ್ನು ಹಿಡಿದಳು.

"ನೀವೇ ಹೇಳಿ. ಇಲ್ಲದಿದ್ರೆ ನಾನು ಹೇಳ್ತೇನೆ."

"ಭಾನುವಾರದ ತನಕ ಟೈಮ್ ಕೊಡು."

"ಭಾನುವಾರಕ್ಕೆ ಕ್ಯಾಸಿನೋ ಕಟ್ಟಿ ಮುಗೀತದಾ?"

ಮಾನ ಇದ್ದವನು ಅಂದೇ ತಪ್ಪೊಪ್ಪಿಕೊಳ್ಳುತ್ತಿದ್ದ. ನಾನು ಯೋಜನೆ ಹಾಕಿದೆ! ಭಾನುವಾರ ಹೊರಡುವುದು. ಅರ್ಧ ದಾರಿಯಲ್ಲಿ, ಮರಳುಗಾಡಿನ ನಡುವೆ, ಕಾರು 'ಹಾಳಾಗುವುದು'. ನಾನು ಬಾನೆಟ್ ಎತ್ತಿ, ತಲೆ ಅಲ್ಲಾಡಿಸಿ, ಬೇಸರದಿಂದ ವಾಪಸು ತಿರುಗಿಸುವುದು. ಭಾವನಿಗೆ ಪ್ರಯಾಣ, ನನಗೆ ಮರ್ಯಾದೆ. ಇಂಥ ನಿರ್ದೋಷ ಯೋಜನೆಯನ್ನು ನಾನು ಗೋದಾಮಿನಲ್ಲಿ ಒಮ್ಮೆಯೂ ಹಾಕಿದವನಲ್ಲ.

ಭಾವ ಕೋಟು ತೊಟ್ಟು ಮುಂದಿನ ಸೀಟಿನಲ್ಲಿ ಕುಳಿತರು, ಶಶಿಕಲಾ ಹಿಂದೆ. ಕೋಟಿಗೆ ಸುಕ್ಕು ಬೀಳದಿರಲೆಂದು ಭಾವ ಸೀಟ್ ಬೆಲ್ಟನ್ನು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದುಕೊಂಡಿದ್ದರು. ನಗರ ದಾಟಿ ಎರಡೂ ಬದಿ ಮರಳು ಶುರುವಾದ ಮೇಲೆ ಅವರ ಬಾಯಿ ಮುಚ್ಚಲಿಲ್ಲ.

"ಅಬ್ಬಾ, ಎಷ್ಟು ಹೊಯ್ಗೆ! ನಮ್ಮಲ್ಲಿ ಒಂದು ಲೋಡು ಸಿಗ್ಬೇಕಾದ್ರೆ ಎಷ್ಟು ಜನರ ಕಾಲು ಹಿಡೀಬೇಕು! ಇಲ್ಲಿ ನೋಡಿ, ಒಂಟೆ ಅದರ ಮೇಲೆ ಮಲಗಿದೆ."

ಸಮಯ ನೋಡಿ ನಾನು ಹುಬ್ಬು ಗಂಟಿಕ್ಕಿದೆ.

"ಭಾವ, ಎಂಜಿನಿನಲ್ಲಿ ಎಂತದೋ ಶಬ್ದ ಬರ್ತಾ ಉಂಟು."

"ನನಗೆ ಕೇಳುದಿಲ್ಲ."

"ಅಭ್ಯಾಸ ಬೇಕು ಅದಕ್ಕೆ."

ಹಿಂದಿನ ಸೀಟಿನಿಂದ ಒಂದು ಕೆಮ್ಮು ಬಂತು.

ರಸ್ತೆ ಬದಿಯಲ್ಲೇ ನಿಲ್ಲಿಸಿದ್ದರೆ ಎಲ್ಲವೂ ಸರಿಯಾಗುತ್ತಿತ್ತು. ಆದರೆ ನಾಟಕಕ್ಕೆ ನೆರಳು ಇರಲಿ ಎಂದು ಸ್ವಲ್ಪ ದೂರದಲ್ಲಿದ್ದ ಮರದ ಕಡೆಗೆ ಕಾರು ತಿರುಗಿಸಿದೆ. ಹತ್ತು ಮಾರು ಹೋಗಿರಬಹುದು, ಮುಂದಿನ ಚಕ್ರಗಳು ಇಳಿದವು. ನಾನು ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ಮರಳು ಹಾರಿತು. ಇನ್ನೂ ಜೋರಾಗಿ ಒತ್ತಿದೆ. ಕಾರು ಕಾವಿಗೆ ಕೂತ ಹೇಂಟೆಯಂತೆ ಹೊಟ್ಟೆ ಊರಿ ಕೂತೇಬಿಟ್ಟಿತು!

ಈಗ ಕಾರು ನಿಜವಾಗಿ ಹಾಳಾಗಿತ್ತು. ಯೋಜನೆ ಅಷ್ಟರ ಮಟ್ಟಿಗೆ ಯಶಸ್ವಿ.

ಭಾವ ಇಳಿದು ತಳ್ಳಿದರು. ಮೈಯೆಲ್ಲ ಹೊಯ್ಗೆಯಾಗಿ, ಮಿಲ್ಲಿನಿಂದ ಈಗಷ್ಟೇ ಹೊರಬಂದವರ ಹಾಗೆ ಕಂಡರು. "ಟಯರಿನ ಅಡಿಗೆ ಎಂತಾದ್ರೂ ಕೊಡ್ಬೇಕು" ಎಂದರು. ಕಾರಿನ ಮ್ಯಾಟುಗಳನ್ನು ಕೊಟ್ಟೆವು. ಚಕ್ರ ಅವನ್ನು ನುಂಗಿತು. ನಾನು ಡಿಕ್ಕಿಯಲ್ಲಿ ಹುಡುಕುತ್ತಿದ್ದಂತೆ ಭಾವ ಕೋಟು ಕಳಚಿ, ನಾಲ್ಕು ಮಡಿಕೆ ಮಾಡಿ, ಚಕ್ರದ ಅಡಿಗೆ ತುರುಕಿದರು.

"ಬೇಡ ಭಾವ! ಮದುವೆ ಕೋಟು!"

"ಕೊಡವಿದ್ರೆ ಹೋಗ್ತದೆ. ನಿಮಗೆ ಅಲ್ಲಿ ಒಳ್ಳೆ ಪರಿಚಯ ಉಂಟಲ್ಲ, ನನ್ನನ್ನು ಕೋಟಿಲ್ಲದೆಯೇ ಬಿಡ್ಲಿಕ್ಕೆ ಹೇಳಿ. ಯಲ್ಲಾ, ಒತ್ತಿ!"

ಯಲ್ಲಾ ಎಂದರೆ ಅರಬಿಯಲ್ಲಿ 'ನಡೆಯಿರಿ'; ಬಂದ ಮೂರೇ ದಿನದಲ್ಲಿ ಅವರು ಅದನ್ನು ಕಲಿತಿದ್ದರು. ಆ ಕ್ಷಣದಲ್ಲಾದರೂ ನಾನು ಸತ್ಯ ಹೇಳಬಹುದಿತ್ತು. ನಾನು ಒತ್ತಿದೆ! ಚಕ್ರ ಗರಗರ ತಿರುಗಿತು. ಕೋಟು ಒಳಗೆ ಹೋಯಿತು. ಹಿಂದಿನಿಂದ ಅದರ ಒಂದು ತೋಳು ಮಾತ್ರ ಹರಿದು ಹೊರಬಂತು.

ಆಗ ದೊಡ್ಡ ಜೀಪೊಂದು ನಿಂತಿತು. ಬಿಳಿ ನಿಲುವಂಗಿಯ ಅರಬ್ ಯುವಕನೊಬ್ಬ ಇಳಿದ. ಏನೂ ಕೇಳದೆ ನಮ್ಮ ಟಯರುಗಳ ಗಾಳಿ ಸ್ವಲ್ಪ ಇಳಿಸಿದ, ಹಗ್ಗ ಕಟ್ಟಿದ, ಎಳೆದ. ಐದು ನಿಮಿಷದಲ್ಲಿ ಕಾರು ರಸ್ತೆ ಬದಿಯಲ್ಲಿತ್ತು. ಕೈ ಕೊಡವಿಕೊಂಡು ಹಿಂದಿಯಲ್ಲಿ ಕೇಳಿದ, "ಕಿಧರ್ ಜಾತಾ ಹೈ?"

"ಕ್ಯಾಸಿನೋ!" ಎಂದರು ಭಾವ, ಎದೆಯುಬ್ಬಿಸಿ.

"ಕ್ಯಾಸಿನೋ? ಅಭೀ ಮಾಫಿ! ಸಿರ್ಫ್ ಕ್ರೇನ್ ಹೈ."

ಮಾಫಿ ಎಂದರೆ ಇಲ್ಲ. ಅದನ್ನೂ ಭಾವ ಕಲಿತಿದ್ದರು. ಆದರೂ ನನ್ನನ್ನು ಬಿಟ್ಟುಕೊಡಲಿಲ್ಲ.

"ನಹೀ ನಹೀ! ಹಮಾರಾ ಭಾವ ಹರ್ ಮಹೀನಾ ಜಾತಾ ಹೈ!"

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ಗೌರವದಿಂದ ನೋಡಿದ.

"ಅಚ್ಛಾ! ಕ್ರೇನ್ ಆಪರೇಟರ್?"

ಶಶಿಕಲಾ ಈ ಸಲ ಕೆಮ್ಮಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಜೀಪು ಹೋದ ಮೇಲೆ, ರಸ್ತೆ ಬದಿಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು, ಕಟ್ಟಿ ಮುಗಿಯದ ಕ್ಯಾಸಿನೋ, ಕೇಳದ ಶಬ್ದ, ಎಲ್ಲ. ಭಾವ ಕೋಟಿನ ತೋಳನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಬೈಯಲಿಲ್ಲ.

"ಮನೆಯಲ್ಲೇ ಹೇಳ್ಬಹುದಿತ್ತಲ್ಲ ಭಾವ" ಎಂದರು. "ನಾನು ಯಾರತ್ರವೂ ಹೇಳ್ತಿರ್ಲಿಲ್ಲ. ಕೋಟು ಮದುವೆಗೆ ಆಗ್ತಿತ್ತು."

ನನಗೆ ನಾಚಿಕೆಯಾಯಿತು. ಅಲ್ಲಿ ಮುಖ ಮುಚ್ಚಿಕೊಳ್ಳಲು ಬೇಕಾದಷ್ಟು ಮರಳಿತ್ತು, ಆದರೆ ಧೈರ್ಯ ಇರಲಿಲ್ಲ. ಭಾವನೇ ತೋಳನ್ನು ಕೊಡವಿ ಹೇಳಿದರು, "ಇಷ್ಟು ದೂರ ಬಂದಾಯ್ತು. ಕ್ರೇನಾದ್ರೂ ನೋಡುವ." ಹೋದೆವು. ಬೇಲಿಯ ಹೊರಗೆ ನಿಂತು ನೋಡಿದೆವು. ಭಾವ "ಚಂದ ಉಂಟು" ಎಂದರು.

ಬೇಡ ಬೇಡವೆಂದರೂ ದುಬೈಯಲ್ಲೇ ಅವರಿಗೆ ಒಂದು ಕೋಟು ಹೊಲಿಸಿದೆ. ತೋಳಿನ ಅಳತೆಗೆ ಹಳೇ ಕೋಟಿನ ತೋಳೇ ಇತ್ತಲ್ಲ!

ಮದುವೆ ಬಂತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿದ್ದ ಷಡ್ಡಕ, ವಿಚಾರಿಸಲು ಬಂದ ಭಾವನನ್ನು ಎಲ್ಲರೂ ಕೇಳುವಂತೆ ಕೇಳಿದ, "ಹೇಗಿತ್ತು ಕ್ಯಾಸಿನೋ? ಎಂತಾದ್ರೂ ಸಿಕ್ಕಿತಾ?"

ಭಾವ ನನ್ನ ಮುಖ ನೋಡಿದರು. ನಾನು ತಲೆ ಬಗ್ಗಿಸಿ ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ.

"ಸಿಕ್ಕಿತು" ಎಂದರು ಭಾವ, ಎದೆಯ ಮೇಲೆ ಕೈ ಸವರಿಕೊಳ್ಳುತ್ತ. "ಈ ಕೋಟು."

ಪಂಕ್ತಿ ಇಡೀ ನನ್ನ ಕಡೆ ತಿರುಗಿತು. ಎದುರಿನ ಹಿರಿಯರೊಬ್ಬರು ಭಕ್ತಿಯಿಂದಲೇ ಕೇಳಿದರು, "ನೀವು ಅಲ್ಲಿ ಎಂತ ಕೆಲಸದಲ್ಲಿ ಇರುದು?"

ನಾನು ಬಾಯಿ ತೆರೆದೆ. ಹಿಂದೆ ಬಡಿಸುತ್ತಿದ್ದ ಶಶಿಕಲಾ ಕೆಮ್ಮಿದಳು.

"ಗೋದಾಮಿನಲ್ಲಿ ಪೆಟ್ಟಿಗೆ ಎಣಿಸ್ತೇನೆ" ಎಂದೆ.

"ನೋಡಿ, ಎಷ್ಟು ಸಿಂಪಲ್ ಜನ!" ಎಂದರು ಅವರು ಪಕ್ಕದವರಿಗೆ.

ಹತ್ತೊಂಬತ್ತು ವರ್ಷದಲ್ಲಿ ಊರಲ್ಲಿ ಹೇಳಿದ ಒಂದೇ ಒಂದು ಸತ್ಯ. ಯಾರೂ ನಂಬಲಿಲ್ಲ.