ಏರು ರದ್ದಾದ ಘಟ್ಟ

ಘಟ್ಟದ ರಸ್ತೆಯಲ್ಲಿ ಏರು ಇದೆ ಎಂಬ ಸಂಗತಿ ಘಟ್ಟ ಪ್ರವಾಸ ಅಭಿವೃದ್ಧಿ ಮಂಡಳಿಯ ಗಮನಕ್ಕೆ ಅಧಿಕೃತವಾಗಿ ಬಂದದ್ದು ಸಚಿವರ ಬಾಮೈದ ಸೈಕಲ್ ಹತ್ತಿದ ದಿನ. ಅಲ್ಲಿಯವರೆಗೆ ಜನ ತಮ್ಮಷ್ಟಕ್ಕೆ ಹತ್ತುತ್ತಿದ್ದರು, ಏದುಸಿರು ಬಿಡುತ್ತಿದ್ದರು, ತುದಿಯಲ್ಲಿ ನಿಂತು ಎರಡೂ ಕಡೆಯ ಕಣಿವೆ ನೋಡಿ ಮೂಕರಾಗುತ್ತಿದ್ದರು, ಆಮೇಲೆ ಇಳಿಯುತ್ತಿದ್ದರು. ಇವುಗಳಲ್ಲಿ ಯಾವ ಕ್ರಿಯೆಗೂ ಮಂಡಳಿಯ ಪೂರ್ವಾನುಮತಿ ಪಡೆದಿರಲಿಲ್ಲ.

ಚಾರಣ ಮತ್ತು ಸೈಕಲ್ ಅಭಿಯಾನದ ಉದ್ಘಾಟನೆಗೆ ಬಂದಿದ್ದ ಬಾಮೈದರು ಬಾವುಟ ಬೀಸಿ, ಫೋಟೊ ತೆಗೆಸಿಕೊಂಡು, ಮೊದಲ ತಿರುವಿಗೂ ಮುಂಚೆಯೇ ಸೈಕಲ್ಲನ್ನು ಮೋರಿಗೆ ಒರಗಿಸಿ ಕೂತುಬಿಟ್ಟರು.

"ಈ ರಸ್ತೆ ಮೇಲಕ್ಕೆ ಹೋಗ್ತಿದೆಯಲ್ರೀ. ಯಾರೂ ಹೇಳಲೇ ಇಲ್ಲ" ಎಂದರು.

ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದವನು ಮಂಡಳಿಯ ಕಿರಿಯ ಇಂಜಿನಿಯರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಾಬರಿಯಲ್ಲಿ, "ಮೊದಲಿಂದಲೂ ಹೀಗೇ ಸರ್" ಎಂದುಬಿಟ್ಟ. ಏರಿನ ವಿಷಯ ಮಂಡಳಿಗೆ ಗೊತ್ತಿದ್ದೂ ಕ್ರಮ ಕೈಗೊಂಡಿಲ್ಲ ಎಂಬುದು ಇದರಿಂದ ಸಾಬೀತಾಯಿತು.

ಮರುದಿನ ಬಾಮೈದರ ಲಿಖಿತ ದೂರು ತಲುಪಿದ್ದೇ ಮುಖ್ಯ ಇಂಜಿನಿಯರ್ ಅವನನ್ನು ಕರೆಸಿದರು. ಅವರ ಮೇಜಿನ ಮೇಲೆ ಘಟ್ಟದ ಪ್ಲಾಸ್ಟರ್ ಮಾದರಿಯೊಂದಿತ್ತು. ಅದರ ತುದಿ ಎಂದೋ ಮುರಿದಿದ್ದರಿಂದ ಸಾಹೇಬರು ಅಲ್ಲಿ ಕಾಫಿ ಲೋಟ ಇಡುತ್ತಿದ್ದರು.

"ಇಳಿಜಾರಿನ ಬಗ್ಗೆ ಯಾರಾದರೂ ದೂರು ಕೊಟ್ಟಿದ್ದಾರಾ?"

"ಇಲ್ಲ ಸರ್."

"ಹಾಗಾದರೆ ಇಳಿಜಾರು ಇರಲಿ. ಏರನ್ನ ತೆಗೆದುಬಿಡಿ."

"ಸರ್, ಎರಡೂ ಒಂದೇ ರಸ್ತೆ. ಅದನ್ನ ತೆಗೆದರೆ ಇದೂ ಹೋಗುತ್ತೆ."

ಸಾಹೇಬರು ಅವನನ್ನು ಮರುಕದಿಂದ ನೋಡಿದರು. "ನೆಲದ ಮೇಲೆ ಒಂದೇ ಇರಬಹುದಪ್ಪಾ. ಲೆಕ್ಕದಲ್ಲಿ ಏರು ಬೇರೆ ಬಾಬ್ತು, ಇಳಿಜಾರು ಬೇರೆ ಬಾಬ್ತು. ಕಾಯಂ ಆಗಬೇಕಾದವನು ನೀನು, ಇಷ್ಟಾದರೂ ತಿಳಿಬೇಡವಾ?"

ಏರು ತೆರವು ಕಾಮಗಾರಿಯ ಗುತ್ತಿಗೆಗೆ ಏರಿನ ಪ್ರತ್ಯಕ್ಷ ಅನುಭವ ಕಡ್ಡಾಯ ಎಂದು ಷರತ್ತು ಹಾಕಲಾಯಿತು. ಅಂಥ ಅನುಭವವನ್ನು ಲಿಖಿತವಾಗಿ ದಾಖಲಿಸಿದ್ದವರು ಬಾಮೈದರೊಬ್ಬರೇ ಆದ್ದರಿಂದ ಗುತ್ತಿಗೆ ಅವರಿಗೇ ಹೋಯಿತು. ಅವರ ಆಳುಗಳು ಬಂದು ರಸ್ತೆಯುದ್ದಕ್ಕೂ ಕೆಳಮುಖವಾಗಿ ಬಿಳಿ ಬಾಣದ ಗುರುತು ಬಳಿದು ಹೋದರು.

ತಪಾಸಣಾ ಸಮಿತಿ ಕಟ್ಟುನಿಟ್ಟಿನದು. ಸದಸ್ಯರು ಘಟ್ಟದ ಆಚೆ ಬದಿಯಿಂದ ಜೀಪಿನಲ್ಲಿ ತುದಿಗೆ ಬಂದರು. ಆ ಬದಿ ನೆರೆಯ ಜಿಲ್ಲೆಗೆ ಸೇರಿದ್ದರಿಂದ ದಾರಿಯಲ್ಲಿ ಕಂಡದ್ದನ್ನು ಕಾಣುವಂತಿರಲಿಲ್ಲ. ತುದಿಯಿಂದ ಈಚೆಗೆ ನಿಧಾನವಾಗಿ ಇಳಿಯುತ್ತಾ ಪ್ರತಿ ತಿರುವಿನಲ್ಲೂ ನಿಂತು ಪರೀಕ್ಷಿಸಿದರು. ರಸ್ತೆಯ ಯಾವ ಭಾಗದಲ್ಲೂ ಏರು ಕಂಡುಬಂದಿಲ್ಲವೆಂದು ಒಮ್ಮತದಿಂದ ವರದಿ ಕೊಟ್ಟರು. ಬಿಲ್ಲು ಪಾಸಾಯಿತು. ಘಟ್ಟದ ಬುಡದಲ್ಲಿ ಕಾವಲಿನವನೊಬ್ಬನ ಪಕ್ಕ ಫಲಕ ನಿಂತಿತು:

"ಸಾರ್ವಜನಿಕರ ಅವಗಾಹನೆಗೆ. ಈ ರಸ್ತೆಯಲ್ಲಿ ಏರನ್ನು ರದ್ದುಪಡಿಸಲಾಗಿದೆ. ರದ್ದಾದ ಏರನ್ನು ಹತ್ತುವುದು, ಹತ್ತಲು ಯತ್ನಿಸುವುದು, ಹತ್ತುವವರಿಗೆ ಕುಮ್ಮಕ್ಕು ಕೊಡುವುದು ಶಿಕ್ಷಾರ್ಹ. ಎಲ್ಲರೂ ಇಳಿಜಾರಿನ ದಿಕ್ಕಿಗೇ ಮುಖ ಮಾಡಿ ಸಂಚರಿಸತಕ್ಕದ್ದು."

ಕರಡು ಬರೆದವನು ಕಿರಿಯ ಇಂಜಿನಿಯರ್. ಕೊನೆಯ ವಾಕ್ಯ ಚೆನ್ನಾಗಿದೆ ಎಂದು ಸಾಹೇಬರು ಬೆನ್ನು ತಟ್ಟಿದ್ದರು. ಆದರೂ ಆ ಸಂಜೆ ಅವನಿಗೆ ಮನೆಗೆ ಹೋಗಲು ಕಾಲು ಬರಲಿಲ್ಲ. ಮನೆಯಲ್ಲಿ ಅಕ್ಕ ಇದ್ದಳು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ, ಘಟ್ಟದ ತುದಿಯ ಹಳ್ಳಿಯ ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಿಗ್ಗೆ ಸೈಕಲ್ ತುಳಿದುಕೊಂಡು, ತುಳಿಯಲಾಗದ ಕಡೆ ತಳ್ಳಿಕೊಂಡು, ಅದೇ ದಾರಿ ಹತ್ತಿ ಹೋಗುವವಳು.

ಅಕ್ಕ ಒದ್ದೆ ಸೀರೆ ಹರವುತ್ತಿದ್ದಳು. ತಿರುಗಿ ನೋಡಲಿಲ್ಲ.

"ಕಾವಲಿನವನು ಇವತ್ತು ನನ್ನ ವಾಪಸ್ ಕಳಿಸಿದ. ಏರೇ ಇಲ್ಲ, ನೀವು ಎಲ್ಲಿ ಹತ್ತೋಕೆ ಹೊರಟಿದ್ದೀರಿ ಅಂತ ಕೇಳಿದ."

"ನೀನೇನಂದೆ?"

"ಏರಿಲ್ಲ ಅಂದಮೇಲೆ ನನ್ನ ಮಂಡಿ ಇಷ್ಟು ವರ್ಷ ಯಾಕಪ್ಪಾ ನೋಯ್ತಿದೆ ಅಂದೆ. ಅದು ಆರೋಗ್ಯ ಇಲಾಖೆಗೆ ಸೇರಿದ್ದು ಅಂದ."

ಇಂಜಿನಿಯರ್ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಸ್ವಲ್ಪ ದಿನ ತಡಿಯಕ್ಕಾ. ನನ್ನ ಕೆಲಸ ಒಂದು ಕಾಯಂ ಆಗಲಿ."

"ಮೇಲಿನ ಹಳ್ಳೀಲಿ ಬಡಗಿಯ ಸೊಸೆಗೆ ದಿನ ತುಂಬಿದೆ. ಅವಳ ಹೊಟ್ಟೆಯಲ್ಲಿರೋದಕ್ಕೆ ಹೇಳು, ನಮ್ಮ ಪುಟ್ಟ ಕಾಯಂ ಆಗೋವರೆಗೂ ತಡಿ ಅಂತ."

ಅವನು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಅಕ್ಕ ಬಡಿಸುವುದನ್ನೇನೂ ಕಡಿಮೆ ಮಾಡಲಿಲ್ಲ, ಮಾತು ಮಾತ್ರ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ.

ಬೆಳಿಗ್ಗೆ ಅಕ್ಕ ಫಲಕದ ಮುಂದೆ ನಿಂತು ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಸೈಕಲ್ಲನ್ನು ತಿರುಗಿಸಿ, ತಾನೂ ತಿರುಗಿ, ಊರಿನ ಕಡೆಗೆ ಮುಖ ಮಾಡಿ, ಹ್ಯಾಂಡಲ್ ಹಿಡಿದು ಹಿಮ್ಮುಖವಾಗಿ ಹೆಜ್ಜೆ ಇಡತೊಡಗಿದಳು. ಕಾವಲಿನವನು ಅವಳ ಮುಖ ನೋಡಿದ, ಬಾಣದ ಗುರುತು ನೋಡಿದ. ಎರಡೂ ಒಂದೇ ದಿಕ್ಕಿಗಿದ್ದವು. ಅವನು ಸಲಾಮು ಹೊಡೆದ.

ಬಡಗಿಯ ಸೊಸೆಗೆ ನೋವು ಶುರುವಾದದ್ದು ಅದೇ ಮಧ್ಯಾಹ್ನ. ಮಗು ಅಡ್ಡ ತಿರುಗಿತ್ತು, ಪೇಟೆಯ ಆಸ್ಪತ್ರೆಗೆ ಸಾಗಿಸಲೇಬೇಕಿತ್ತು. ಅಕ್ಕ ತಮ್ಮನಿಗೆ ಫೋನು ಮಾಡಿದಳು. ಅವನು ಬುಡಕ್ಕೆ ಓಡಿಬಂದಾಗ ಆಂಬುಲೆನ್ಸ್ ಫಲಕದ ಮುಂದೆ ನಿಂತಿತ್ತು. ಡ್ರೈವರ್ ಮತ್ತು ಕಾವಲಿನವನು ನಿಯಮದ ಬಗ್ಗೆ ಸೌಹಾರ್ದದಿಂದ ಚರ್ಚಿಸುತ್ತಿದ್ದರು. ಕಿರಿಯ ಇಂಜಿನಿಯರ್ ಫಲಕದ ಕಂಬಕ್ಕೆ ಕೈ ಹಾಕಿದ. ಕೆಲಸ ಹೋದರೆ ಹೋಗಲಿ, ಫಲಕ ಕಿತ್ತೆಸೆಯಲಾ ಎಂದು ಒಂದು ಕ್ಷಣ ಯೋಚಿಸಿದ. ಆಮೇಲೆ ಡ್ರೈವರ್ ಹತ್ತಿರ ಹೋಗಿ, "ಗಾಡಿ ತಿರುಗಿಸಿ, ರಿವರ್ಸ್‌ನಲ್ಲಿ ಹೋಗಿ" ಎಂದ.

ಆಂಬುಲೆನ್ಸ್ ಹಿಮ್ಮುಖವಾಗಿ ಘಟ್ಟ ಹತ್ತಿತು. ಪ್ರತಿ ತಿರುವಿನಲ್ಲೂ ಇಂಜಿನಿಯರ್ ಹಿಂದಿನ ಬಾಗಿಲಿಗೆ ಜೋತುಬಿದ್ದು, "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗುತ್ತಿದ್ದ. ಒಂದು ಕಡೆ ಚಕ್ರ ಅಂಚಿಗೆ ಬಂದು ಕಲ್ಲುಗಳು ಪ್ರಪಾತಕ್ಕೆ ಉದುರಿದವು. ಅವನು ಕಣ್ಣು ಮುಚ್ಚಿಕೊಂಡು ಅಮ್ಮನನ್ನು ನೆನೆದ. ಇಳಿಯುವಾಗ ತೊಂದರೆಯಾಗಲಿಲ್ಲ, ಇಳಿಜಾರು ಮಂಜೂರಾಗಿತ್ತು. ಪೇಟೆ ಆಸ್ಪತ್ರೆಯಲ್ಲಿ ತಾಯಿ, ಮಗು ಇಬ್ಬರೂ ಉಳಿದರು.

ಮುಖ್ಯ ಇಂಜಿನಿಯರ್ ಬಹಳ ಸಂತೋಷಪಟ್ಟರು. ಏರು ರದ್ದಾದದ್ದರಿಂದಲೇ ಎರಡು ಜೀವ ಉಳಿಯಿತೆಂದು ಮಂಡಳಿ ಪ್ರಕಟಣೆ ಹೊರಡಿಸಿತು. ಕಿರಿಯ ಇಂಜಿನಿಯರ್ ಕಾಯಂ ಆದ. ಹಿಮ್ಮುಖ ಚಾರಣಕ್ಕೆ ಊರೂರಿಂದ ಜನ ಬರತೊಡಗಿದರು. ಕುತ್ತಿಗೆಗೆ ಕಟ್ಟಿಕೊಳ್ಳುವ ಕನ್ನಡಿ ಕಡ್ಡಾಯವಾಯಿತು. ಕನ್ನಡಿ ಅಂಗಡಿ ಬಾಮೈದರದೇ. ಬಿದ್ದವರಿಗೆ ಪಟ್ಟಿ ಕಟ್ಟಲು ಅಕ್ಕನಿಗೆ ಇಬ್ಬರು ಸಹಾಯಕಿಯರನ್ನು ಕೊಟ್ಟರು. ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಸಿಗದಿದ್ದ ಔಷಧಿ ಬೀರುವೂ ಬಂತು. ಮನೆಯಲ್ಲಿ ಮಾತುಕತೆ ಮೊದಲಿನಂತಾಯಿತು.

ಒಂದು ಭಾನುವಾರ ಅಕ್ಕ ತಮ್ಮ ಇಬ್ಬರೂ ಜೊತೆಯಾಗಿ ಹಿಮ್ಮುಖವಾಗಿ ಹತ್ತುತ್ತಿದ್ದರು. ಕೆಳಗೆ ಹೊಲಗಳು, ಹೊಳೆ, ಬಸ್‌ಸ್ಟ್ಯಾಂಡಿನ ಹಿಂದಿನ ತಮ್ಮ ಮನೆ, ಎಲ್ಲವೂ ಹೆಜ್ಜೆ ಹೆಜ್ಜೆಗೂ ಚಿಕ್ಕದಾಗುತ್ತಾ ಚಂದವಾಗುತ್ತಿದ್ದವು.

"ಇಷ್ಟು ದಿನ ಬೆನ್ನು ಹಾಕಿ ಹೋಗಿಬಿಟ್ಟೆ ನೋಡು ಇದಕ್ಕೆಲ್ಲ" ಎಂದಳು ಅಕ್ಕ.

ಆಗ ಕೆಳಗಿನ ತಿರುವಿನಿಂದ ಯಾರೋ ಒಬ್ಬ ಹೊರಗಿನವನು ಬಂದ. ಬೆನ್ನಿಗೆ ಚೀಲ, ಹಣೆಯಲ್ಲಿ ಬೆವರು. ಸೈಕಲ್ ತಳ್ಳಿಕೊಂಡು, ಹೋಗುವ ಕಡೆಗೇ ಮುಖ ಮಾಡಿ ನೇರವಾಗಿ ಹತ್ತುತ್ತಿದ್ದ. ದಾರಿಯಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದರು. ಒಬ್ಬ ತಾಯಿ ಮಗಳ ಕಣ್ಣು ಮುಚ್ಚಿದಳು. ಕಿರಿಯ ಇಂಜಿನಿಯರ್ ಮುಜುಗರದಿಂದ ತಲೆ ತಗ್ಗಿಸಿದ.

"ಪಾಪ, ಅವನಿಗೇನು ಗೊತ್ತು" ಎಂದಳು ಅಕ್ಕ. ಹತ್ತಿರ ಬಂದವನ ಎರಡೂ ಹೆಗಲು ಹಿಡಿದು, ರೋಗಿಯನ್ನು ಮಗ್ಗುಲು ಬದಲಿಸುವಷ್ಟೇ ನಾಜೂಕಾಗಿ, ಅವನನ್ನು ತಿರುಗಿಸಿ ನಿಲ್ಲಿಸಿದಳು. "ಹ್ಞಾಂ, ಈಗ ನಡೀರಿ."