ಡ್ರೈವರನ ಮಣಿಕಟ್ಟಿನ ಪಟ್ಟಿ

ಅಂಚೆಚೀಟಿಯಷ್ಟೇ ಇದ್ದ ಪಟ್ಟಿಯೊಂದನ್ನು ಡಾಕ್ಟರಮ್ಮ ಡ್ರೈವರನ ಮಣಿಕಟ್ಟಿನ ಒಳಬದಿಗೆ ಅಂಟಿಸಿದರು. ಹೊಟ್ಟೆ ಸ್ಕ್ಯಾನಿಂಗಿನ ವಿದ್ಯೆಯೇ ಇದು, ಶಬ್ದದ ಅಲೆ ಕಳಿಸಿ ದಿನವಿಡೀ ಬಿ.ಪಿ. ಅಳೆಯುತ್ತದೆ ಎಂದು ವಿವರಿಸಿದರು. ಅವನಿಗೆ ಅರ್ಥವಾದದ್ದು ಇಷ್ಟೇ: ಸಂಜೆಯವರೆಗೆ ಬಿ.ಪಿ. ಹಿಡಿತದಲ್ಲಿದ್ದರೆ ಸ್ಟೇರಿಂಗ್ ವಾಪಸ್ಸು. ಇಲ್ಲವಾದರೆ ಡಿಪೋ ಆಫೀಸಿನ ಕುರ್ಚಿಯೇ ಗತಿ.

ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದವನು ಅವನು. ಬಿ.ಪಿ. ಏರಿ ಕುರ್ಚಿಗೆ ಬಿದ್ದಂದಿನಿಂದ ದಡಕ್ಕೆಳೆದ ದೋಣಿಯಂತಾಗಿದ್ದ.

ಅವನ ಮನಸ್ಸು ಕದಡಬಾರದೆಂದು ಅಂದು ಡಿಪೋಗೆ ಡಿಪೋವೇ ಟೊಂಕ ಕಟ್ಟಿತು. ಮೆಕ್ಯಾನಿಕ್ ಸುತ್ತಿಗೆಗೆ ಬಟ್ಟೆ ಸುತ್ತಿ ಬಡಿದ. ಕ್ಯಾಂಟೀನಿನ ಅಕ್ಕ ಟೀ ಆರಿಸಿ ಕೊಟ್ಟಳು. ಟೈಮ್‌ಕೀಪರ್ ಮೈಕಿನಲ್ಲಿ ಪಿಸುಗುಟ್ಟಿ ಬಸ್ಸು ಕರೆದ. ಜನ ತಪ್ಪು ಬಸ್ಸು ಹತ್ತಿ ಅವನಿಗೆ ಸಹಸ್ರನಾಮ ಮಾಡಿದರು.

ಊಟಕ್ಕೆ ಸ್ವಲ್ಪ ಮುಂಚೆ ಹೊಸ ಡ್ರೈವರ್, ಗೀರು ಕಾಣದ ಆ ಬಸ್ಸನ್ನೇ ರಿವರ್ಸ್ ತೆಗೆಯುತ್ತ ಗೇಟಿಗೆ ಉಜ್ಜಿದ. ಕರ್ರೆಂಬ ಸದ್ದು ನಮ್ಮ ಡ್ರೈವರನ ಎದೆಯನ್ನೇ ಗೀರಿತು.

"ಮುಗೀತು ಕಣೋ. ನನ್ನ ಬಿ.ಪಿ. ಈಗ ಬಸ್ಸಿನ ಟಾಪ್ ಮೇಲೆ ಕೂತಿರುತ್ತೆ," ಎಂದು ಕಂಡಕ್ಟರನ ಮುಂದೆ ತಲೆ ಹಿಡಿದು ಕೂತ.

ಕಂಡಕ್ಟರ್ ಅವನ ಹಳೆಯ ಜೊತೆಗಾರ. ಸೀಟಿಗಾಗಿ ಇಡೀ ಬಸ್ಸೇ ಕಿತ್ತಾಡಿದರೂ ದನಿ ಏರಿಸದವನು. ಎಲ್ಲರ ಬಾಯಲ್ಲೂ ಅವನು ತಣ್ಣೀರಣ್ಣ. ಅವನು ಮೆಲ್ಲಗೆ ಅಂಗಿಯ ತೋಳು ಮಡಿಸಿದ.

"ಇಲ್ಲಿ ಅಂಟಿಸು. ಉಳಿದ ಅರ್ಧ ದಿನ ನಾನು ನೋಡ್ಕೋತೀನಿ. ನನ್ನ ಕೋಪ ಹೇಗಿರುತ್ತೆ ಅಂತ ನನ್ನ ಹೆಂಡ್ತಿಗೂ ಗೊತ್ತಿಲ್ಲ."

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ಪಟ್ಟಿ ಮರಳಿ ಒಡೆಯನ ಕೈಸೇರಿತು. ಡಾಕ್ಟರಮ್ಮ ಪರದೆ ನೋಡಿ ನಕ್ಕರು.

"ಊಟದವರೆಗೆ ಚಿನ್ನದಂಥ ಅಳತೆ. ಔಷಧಿ ಚೆನ್ನಾಗಿ ಹಿಡಿದಿದೆ. ಒಂದು ಸಲ ಹಾರಿದೆ, ಆದರೆ ತಕ್ಷಣ ಇಳಿದಿದೆ. ಗಟ್ಟಿ ಆಳು ನೀವು."

ಡ್ರೈವರನ ಎದೆ ಹೊಸ ಟೈರಿನಂತೆ ಉಬ್ಬಿತು. ಡಾಕ್ಟರಮ್ಮನ ಬೆರಳು ಪರದೆಯ ಮೇಲೆ ಮುಂದೆ ಸರಿಯಿತು.

"ಊಟ ಆದ್ಮೇಲೆ ಏನಾಯ್ತು ಮತ್ತೆ? ಇಷ್ಟು ಏರಿದೋರು ಓಡಾಡ್ತಿರೋದೇ ಆಶ್ಚರ್ಯ. ಈಗಲೇ ಅಡ್ಮಿಟ್ ಆಗಿ."

ಡ್ರೈವರ್ ಬಾಗಿಲಾಚೆ ನೋಡಿದ. ಬೆಂಚಿನಲ್ಲಿ ತಣ್ಣೀರಣ್ಣ ಕೂತು, ಗೆದ್ದೆವಲ್ಲ ಎಂಬಂತೆ ನಗುತ್ತಿದ್ದ. ಬಾಯಿಬಿಟ್ಟರೆ ಮೋಸ ಬಯಲಾಗಿ ಸ್ಟೇರಿಂಗ್ ಶಾಶ್ವತವಾಗಿ ಹೋಯಿತು. ಬಿಡದಿದ್ದರೆ ತಣ್ಣೀರಣ್ಣನೇ ಹೋಗುತ್ತಾನೆ.

"ಅದು ನನ್ನದಲ್ಲ ಡಾಕ್ಟರೇ, ಅವನದು. ಮೊದಲು ಅವನನ್ನ ನೋಡಿ."

ಕಂಡಕ್ಟರನ ಜೀವ ಉಳಿಯಿತು. ಮೋಸದ ಸುದ್ದಿ ಮ್ಯಾನೇಜರ್ ಕಿವಿಗೂ ಬಿತ್ತು. ಹೀಗಾಗಿ ಈಗ ಡಿಪೋ ಆಫೀಸಿನಲ್ಲಿ ಎರಡು ಕುರ್ಚಿ. ಯಾರೇ ಒಳಗೆ ಬರಲಿ, ಡ್ರೈವರ್ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಾನೆ:

"ನನ್ನದು ನಾರ್ಮಲ್. ಇವನನ್ನ ನೋಡ್ಕೊಳ್ಳೋಕೆ ಕೂತಿದೀನಿ."