ಆಚೆ ತುದಿಯ ಮುಖ

ಬೆಳಿಗ್ಗೆ ಹತ್ತಕ್ಕೆ ರೌಟರಿನ ಹಸಿರು ದೀಪ ಕೆಂಪಗಾಯಿತು. ತಂತಿ ಮಾವನ ಮುಖ ಅದಕ್ಕಿಂತ ಕೆಂಪಗಾಯಿತು.

ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಟಕಟಕ ಕುಟ್ಟಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ತಂತಿ ಮಾವ ಎಂದೇ ಕರೆಯುತ್ತಿದ್ದರು. ಮನೆಮನೆಗೂ ಇಂಟರ್‌ನೆಟ್ಟು ಹೊಸದಾಗಿ ಬಂದಿದ್ದ ಕಾಲ ಅದು. ಮೊಬೈಲಿನಲ್ಲಿ ಮಾತು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ದೂರದವರ ಮುಖ ನೋಡಲು ಕಂಪ್ಯೂಟರೇ ಗತಿ, ಕಂಪ್ಯೂಟರಿಗೆ ಆ ಪೆಟ್ಟಿಗೆಯೇ ಗತಿ.

ಅಂದು ಸಂಜೆ ಐದಕ್ಕೆ ಮಾವ ನೋಡಬೇಕಿದ್ದದ್ದು 'ಆಚೆ ತುದಿ'ಯ ಮುಖ. ಆಚೆ ತುದಿ ಎಂದರೆ ತಂತಿಯ ಇನ್ನೊಂದು ಕೊನೆಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದ ಗೆಳೆಯ. ಕೆಲಸ ಮುಗಿದ ಮೇಲೆ ಇಬ್ಬರೂ ಮಗಳ ಜ್ವರ, ಸಾಹೇಬರ ಸಿಡುಕು ಎಲ್ಲವನ್ನೂ ಟಕಟಕದಲ್ಲೇ ಹಂಚಿಕೊಂಡಿದ್ದರು. ಮುಖ ಮಾತ್ರ ನೋಡಿರಲಿಲ್ಲ. ಒಬ್ಬನಿಗೆ ರಜೆ ಸಿಕ್ಕಾಗ ಇನ್ನೊಬ್ಬನಿಗೆ ಸಿಗುತ್ತಿರಲಿಲ್ಲ. ಬದುಕೆಲ್ಲ ರಜೆಯಾಗುವ ಹೊತ್ತಿಗೆ ಇಬ್ಬರ ಮಂಡಿಗಳೂ ರಾಜೀನಾಮೆ ಕೊಟ್ಟಿದ್ದವು. ಈಗ ಗೆಳೆಯನ ಸೋದರಳಿಯನ ಮನೆಯಲ್ಲಿ ಕಂಪ್ಯೂಟರಿತ್ತು. ಆ ಅಳಿಯನಿಗೋ ವರ್ಗವಾಗಿತ್ತು, ಮಾರನೆಯ ದಿನ ಅದನ್ನೂ ಕಟ್ಟಿಕೊಂಡು ಹೊರಡುವವನಿದ್ದ. ಇವತ್ತು ತಪ್ಪಿದರೆ ತಪ್ಪಿದಂತೆಯೇ.

ಕರೆಯದೆ ಬಂದವರಲ್ಲಿ ಎದುರುಮನೆಯ ಹೆಡ್‌ಮಾಸ್ತರು ಮೊದಲಿಗರು. ಪೆಟ್ಟಿಗೆ ಎತ್ತರದಲ್ಲಿರಬೇಕೆಂದು ಅವರು ತೀರ್ಪಿತ್ತರು. ಅದನ್ನು ಬೀರುವಿನ ಮೇಲೇರಿಸುವಾಗ ಅಲ್ಲಿದ್ದ ಧೂಳೆಲ್ಲ ಮಾವನ ಮೂಗಿಗಿಳಿಯಿತು. ಮಹಡಿಯ ನರ್ಸಮ್ಮ ಬಂದು ಕರೆಂಟು ತೆಗೆಸಿ, ನಾಡಿ ಹಿಡಿದವರಂತೆ ಗಡಿಯಾರ ನೋಡುತ್ತ ಮೂವತ್ತು ಎಣಿಸಿ ಮತ್ತೆ ಹಾಕಿಸಿದರು. ದೀಪ ಕೆಂಪಗೇ ಇತ್ತು. ಅಷ್ಟರಲ್ಲಿ ಇನ್ನೂ ನಾಲ್ವರು ಸೇರಿದರು. ಆರು ಜನ, ಹನ್ನೆರಡು ಮದ್ದು.

ಮಾವನಿಗೆ ಹಳೆಯ ಕಚೇರಿ ನೆನಪಾಯಿತು. ಅಲ್ಲಿ ಲೈನು ಸತ್ತರೆ ಲೈನ್‌ಮನ್ ಏಣಿ ಹೊತ್ತು ಕಂಬಕಂಬ ಹತ್ತುತ್ತಿದ್ದ. ಅವನು ಬರುವ ತನಕ ಮಿಕ್ಕವರು ಟೀ ಕುಡಿಯುತ್ತ ಹರಟುತ್ತಿದ್ದರು. ಮತ್ತೆ ಆಚೆಯಿಂದ ಮೊದಲ ಟಕ್ ಕೇಳಿದಾಗ ಎಂಥ ಸಂತೋಷ! ಆ ಸದ್ದು ನಿಂತ ದಿನದಿಂದ ಮಾವನ ಕಿವಿ ಬರಿದಾಗಿತ್ತು.

ಅವರು ನೆನಪಿನಲ್ಲಿದ್ದಾಗಲೇ ಹೆಡ್‌ಮಾಸ್ತರು ಪೆಟ್ಟಿಗೆಯ ಬೆನ್ನಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಅದುಮಿ ಹಿಡಿದರು. ಪೆಟ್ಟಿಗೆ ತನ್ನ ಹೆಸರು, ಪಾಸ್‌ವರ್ಡು ಎಲ್ಲ ಮರೆತು ಆಗಷ್ಟೇ ಹುಟ್ಟಿದ ಕೂಸಿನಂತೆ ಕಣ್ಣು ಮಿಟುಕಿಸಿತು. ಕಂಪನಿಗೆ ಫೋನು ಮಾಡಿದರೆ, ಅದನ್ನೆಲ್ಲ ಮತ್ತೆ ತುಂಬಲು ನಾಡಿದ್ದು ಜನ ಕಳಿಸುತ್ತೇವೆ ಎಂದರು.

ಆಗ ಅಂಗಡಿಯಿಂದ ಬಂದ ಮಾವನ ಹೆಂಡತಿ ಚೀಲ ಕೆಳಗಿಟ್ಟು ಹೇಳಿದರು: "ಬೀದಿ ತುದೀಲಿ ಪೈಪಿಗೆ ಅಗೆಯೋರು ಕೇಬಲ್ಲೇ ಕಡಿದಿದಾರೆ. ಬೆಳಿಗ್ಗೆಯಿಂದ ಯಾರ ಮನೇಲೂ ಇಂಟರ್‌ನೆಟ್ ಇಲ್ವಂತೆ."

ಬಂದವರೆಲ್ಲ ಸೂರು ನೋಡತೊಡಗಿದರು. ತಮ್ಮ ಮನೆಯದು ಸತ್ತಿದ್ದರಿಂದಲೇ, ಮಾವನದಾದರೂ ಎದ್ದರೆ ತಮ್ಮ ಕೆಲಸ ಮುಗಿಸಿಕೊಳ್ಳೋಣವೆಂದು ಒಬ್ಬೊಬ್ಬರೂ ಬಂದಿದ್ದರು. ಕೇಬಲ್ಲಿಗೆ ಗಂಟು ಬಿದ್ದದ್ದು ಐದಕ್ಕೆ ಹತ್ತು ನಿಮಿಷವಿದ್ದಾಗ. ಬೀದಿಗೆಲ್ಲ ಹಸಿರು ದೀಪ, ಮಾವನ ಮನೆ ಹೊರತು.

ಪಿನ್ನಿನ ಪಾಪಕ್ಕೆ ಹೆದರಿದ ಹೆಡ್‌ಮಾಸ್ತರು ಮಾವನನ್ನು ತಮ್ಮ ಮನೆಗೇ ಎಳೆದುಕೊಂಡು ಹೋದರು. ಹಿಂದೆಯೇ ಎಲ್ಲರೂ ನಡೆದರು. ಪರದೆ ಬೆಳಗಿದಾಗ ಈ ಕಡೆ ಎಂಟು ತಲೆ, ಆ ಕಡೆ ಏಳು. ಹದಿನೈದು ಜನರೂ ಒಟ್ಟಿಗೆ ಮಾತಾಡಿದ್ದರಿಂದ ಯಾರದೂ ಕೇಳಿಸಲಿಲ್ಲ. ಆ ಏಳರಲ್ಲಿ ವಯಸ್ಸಾದವನು ಒಬ್ಬನೇ: ಬೋಳುತಲೆ, ದಪ್ಪ ಕನ್ನಡಕ. ಮಾವ ಕೈಮುಗಿದರು, ಕಣ್ಣು ತುಂಬಿ ಹರಿಯಿತು. ಅವನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಎಷ್ಟು ಒತ್ತಿದರೂ ಬೆಳಗಲಿಲ್ಲ.

ಪರವಾಗಿಲ್ಲ, ಒಂದು ಕ್ಷಣವಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತ ಮಾವ ಮನೆ ಸೇರುವಷ್ಟರಲ್ಲಿ ಮೊಬೈಲು ರಿಂಗಾಯಿತು.

"ನೋಡಿದೆ ಕಣಯ್ಯಾ, ನಿನ್ನನ್ನ ಕಣ್ತುಂಬ ನೋಡಿದೆ," ಎಂದರು ಮಾವ.

"ಎಲ್ಲಿ ನೋಡಿದೆ? ನಾನು ಮೇಜಿನ ಕೆಳಗಿದ್ದೆ," ಎಂದ ಆಚೆ ತುದಿ. "ವೈರು ಸಡಿಲ ಇತ್ತು. ಕೈಬಿಟ್ರೆ ಲೈನ್ ಹೋಗ್ತಿತ್ತು, ಹಿಡ್ಕೊಂಡೇ ಕೂತಿದ್ದೆ."

"ಮತ್ತೆ ಆ ಬೋಳುತಲೆ?"

"ಪಕ್ಕದ ಮನೆ ದರ್ಜಿ. ನೀನು ಅತ್ತದ್ದು ನೋಡಿ ಪಾಪ ಅವನೂ ಅತ್ತನಂತೆ."

ಮಾವ ಕುರ್ಚಿಯಲ್ಲಿ ಕುಸಿದು ಕೂತರು.

"ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ಯಲ್ಲ, ಮತ್ತೆ ಲೈನ್ ಯಾಕೋ ಹೋಯ್ತು?" ಎಂದು ಕೇಳಿದರು ಮಾವ.

"ನಿನ್ನ ಮುಖ ನೋಡೋಣ ಅಂತ ಎದ್ದೆ," ಎಂದ ಗೆಳೆಯ.